ಎಣಿಸದೆ ಬಿಟ್ಟ ಮೀನು

ನೀರಿಗೆ ಬಿಡುವ ಮೀನನ್ನು ಬುಡನ್ ಚಾಚಾ ಎಂದೂ ಎಣಿಸಿದವರಲ್ಲ. ನಮ್ಮ ಬಾವಿಯ ಕೊನೆಯ ಮೆಟ್ಟಿಲಲ್ಲಿ ಕೂತು ಕೊಡ ಬಾಗಿಸಿ, ಬಿಸ್ಮಿಲ್ಲಾ ಎಂದು ಮುಖವನ್ನೇ ಅತ್ತ ತಿರುಗಿಸುತ್ತಿದ್ದರು. "ಬಿಡೂವಾಗ ಎಣಿಸಿದ್ರ ಬೆಳಿಯಂಗಿಲ್ಲೋ ತಮ್ಮಾ," ಎನ್ನುತ್ತಿದ್ದರು. ಕುಡಚಿಯ ಅವರ ಓಣಿಯಲ್ಲಿ ಬಲೆ ಹಿಡಿದವರಿಗೆಲ್ಲ ಇದೇ ನಂಬಿಕೆ.

ನಮ್ಮದು ಮೀನು ತಿನ್ನದ ಮನೆ. ಆದರೂ ಹೊಳೆದಂಡೆಯ ಕಬ್ಬಿನ ಹೊಲದ ಬಾವಿಯಲ್ಲಿ ಸೊಳ್ಳೆಮರಿ ಆಗದಿರಲೆಂದು ಅಪ್ಪ ಬೇಸಿಗೆಗೊಮ್ಮೆ ಚಾಚಾರಿಂದ ಕೃಷ್ಣೆಯ ಸಣ್ಣ ಬಿಳಿ ಮೀನು ಬಿಡಿಸುತ್ತಿದ್ದರು. ಚಾಚಾ ದುಡ್ಡು ಮುಟ್ಟುತ್ತಿರಲಿಲ್ಲ, ಬೆಲ್ಲ ಒಯ್ಯುತ್ತಿದ್ದರು. "ನಿಮ್ಮ ಬಾವ್ಯಾಗಿನ ಮೀನ ಅಂದ್ರ ಪಿನ್‌ಶನ್ ಆದಾವ ಇದ್ದಂಗ್ರಿ ಅಪ್ಪಾರ. ಹಿಡಿಯಾವರಿಲ್ಲ, ತಿನ್ನಾವರಿಲ್ಲ," ಎಂದು ಅಪ್ಪನನ್ನು ಕಾಡುತ್ತಿದ್ದರು.

ತೊಂಬತ್ತರ ದಶಕದ ಒಂದು ಬೇಸಿಗೆ ಹೊಳೆ ಬತ್ತಿ ಸಣ್ಣ ಮೀನೇ ಸಿಗಲಿಲ್ಲ. ಚಾಚಾ ಮಿರಜಿನಿಂದ ಮೀಸೆಯ ಮೀನುಮರಿಗಳನ್ನು ತಂದರು. ಮೊದಲಿನಿಂದ ಹೊಳೆಯಲ್ಲಿರುವ ನಮ್ಮ ಮಾಂಗೂರ ಮೀನೇ ಎಂದುಕೊಂಡಿದ್ದರು. ಎಂದಿನಂತೆ ಮುಖ ತಿರುಗಿಸಿ ಕೊಡ ಬಗ್ಗಿಸಿದರು. ಅವು ಪರದೇಶದ ಮಾಂಗೂರ, ಕಂಡದ್ದನ್ನೆಲ್ಲ ನುಂಗುವ ಜಾತಿ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಬಾವಿಯ ಹಳೆಯ ಮೀನು ಕಾಣದಾಗಿದ್ದವು. ಸಂಜೆ ಒಂದು ಕಪ್ಪೆಯೂ ಕೂಗುತ್ತಿರಲಿಲ್ಲ.

ಚಾಚಾ ಮೋಟಾರು ಹಚ್ಚಿಸಿ ಬಾವಿ ಬರಿದು ಮಾಡಿಸಿದರು. ಎದೆಮಟ್ಟದ ಕೆಸರಿಗೆ ತಾವೇ ಇಳಿದು, ಮೊಳದುದ್ದದ ಕರಿ ಮೀನುಗಳನ್ನು ಒಂದೊಂದಾಗಿ ಮೇಲೆ ಎಸೆದರು. ದಂಡೆಗೆ ಬಿದ್ದವು ಸಾಯದೆ ಹುಲ್ಲಿನ ಮೇಲೆ ತೆವಳಿ ಕಾಲುವೆಯ ಕಡೆ ಹೊರಟವು!

"ಎಲ್ಲಾ ಸಿಕ್ಕಾವೇನ್ ಬುಡನಸಾಬ?" ಎಂದು ಅಪ್ಪ ಕೇಳಿದರು.

ಚಾಚಾ ಕೆಸರುಗೈಯಲ್ಲೇ ಹಣೆ ಹಿಡಿದುಕೊಂಡರು. "ಎಷ್ಟ ಬಿಟ್ಟೇನಿ ಅಂತ ಗೊತ್ತಿದ್ರಲ್ರೀ ಹೇಳೂದು."

ನೆರೆ ಬಂದು, ಉಳಿದ ಮಾಂಗೂರ ಹೊಳೆ ಸೇರಿದರೆ ಎಂದು ಆ ಮಳೆಗಾಲ ಅವರಿಗೆ ನಿದ್ದೆಯಿಲ್ಲ. ದಿನಾ ಬೆಳಿಗ್ಗೆ ಬಂದು, ಹೊಳೆ ಎಷ್ಟು ಏರಿದೆ, ಬಾವಿಗೆ ಇನ್ನೆಷ್ಟು ದೂರ ಎಂದು ನೋಡುತ್ತಿದ್ದರು. ಬಾವಿಯಲ್ಲಿ ಒಂದು ಗುಳ್ಳೆ ಎದ್ದರೂ ಗಾಳ ಬಿಡುತ್ತಿದ್ದರು. ಬಾವಿಯ ಬಾಯಿಗೆ ತಮ್ಮ ಬಲೆಗಳನ್ನೆಲ್ಲ ಹೊಲಿದು ಹೊದಿಸಿದರು. ನಾನೂ ದಾರ ಹಿಡಿದೆ. ಹೊಳೆ ಬಂತು. ಕಬ್ಬು, ಬಾವಿ, ಬಲೆ ಎಲ್ಲ ಕೆಂಪು ನೀರಿನಡಿ ಹೋದವು.

ದೀಪಾವಳಿ ಮುಂದೆ ಹೊಳೆಯಲ್ಲಿ ಚಾಚಾರ ಹೊಸ ಬಲೆಗೆ ಮೊದಲ ಮಾಂಗೂರ ಬಿತ್ತು. ಹೊಟ್ಟೆ ಸೀಳಿದರೆ ತುಂಬಾ ಬಿಳಿ ಮೀನಿನ ಮರಿಗಳು. "ಮ್ಯಾಲಿನ ಊರಾಗೂ ಬಿಟ್ಟಾರಂತ ಚಾಚಾ, ಅಲ್ಲಿಂದ ಬಂದಿರಬೇಕ," ಎಂದೆ. "ಇರಬಹುದು," ಎಂದರು. ಅಂದಿನಿಂದ ಬಲೆಗೆ ಬಿದ್ದ ಪ್ರತಿ ಮಾಂಗೂರದ ಹೊಟ್ಟೆ ಸೀಳಿ ನೋಡದೆ ಬುಟ್ಟಿಗೆ ಹಾಕುತ್ತಿರಲಿಲ್ಲ. ಗಿರಾಕಿಗಳು ಕಾದು ಬೇಸತ್ತು ಬೇರೆಯವರ ಬಳಿ ಹೋದರು.

ಕೆಲವು ವರ್ಷಗಳ ಮೇಲೆ ಅವರು ಹಾಸಿಗೆ ಹಿಡಿದರು. ನೋಡಲು ಹೋದಾಗ ಮೊದಲು ಕೇಳಿದ್ದು, "ಹೊಳ್ಯಾಗ ಬಿಳಿ ಮೀನ ಅದಾವೇನೋ ತಮ್ಮಾ?"

"ಅದಾವ ಚಾಚಾ, ಬೇಕಾದಷ್ಟು," ಎಂದೆ. ಇನ್ನೇನು ಹೇಳಲಿ?

ಅವರ ಕಣ್ಣು ಅರಳಿತು. "ಹಂಗಾರ ನಾಳಿ ಒಂದ ನಾಕ ತೊಗೊಂಡ ಬಾ. ನೋಡತೇನಿ."

ಮರುದಿನ ಮೂಗು ಮುಚ್ಚಿಕೊಂಡು ಕುಡಚಿಯ ಮೀನು ಬಜಾರು ಸುತ್ತಿದೆ. ಸೈಕಲ್ ತುಳಿದು ಐನಾಪುರದ ಸಂತೆಗೂ ಹೋದೆ. ಎಲ್ಲ ಬುಟ್ಟಿಯಲ್ಲೂ ಕರಿ ಮೀಸೆ ಅಲುಗಾಡುತ್ತಿತ್ತು. ಸಂಜೆ ಅವರ ಬಾಗಿಲಲ್ಲಿ ನಿಂತೆ. ಚಾಚಾ ನನ್ನ ಬರಿಗೈ ನೋಡಿದರು. ಗೋಡೆಯ ಕಡೆ ಹೊರಳಿ ಮಲಗಿದರು.