ಎತ್ತಿದ ಕೈ, ನೆಕ್ಕಿಸಿಕೊಂಡ ಕೈ

ಕಳೆದ ಆದಿತ್ಯವಾರ ಬೆಳಗ್ಗೆ ಹತ್ತೂವರೆಗೆ ನಾನು ಬೆಳುವಾಯಿಯಲ್ಲಿ, ವನಿತಕ್ಕನ ಮನೆಯ ಹಿಂದಿನ ಶೆಡ್ಡಿನೊಳಗೆ, ಬಾಗಿಲಿನಿಂದ ಎಡಕ್ಕೆ, ನೀಲಿ ಡ್ರಮ್ಮಿಗೆ ಬೆನ್ನು ತಾಗಿಸಿ ನಿಂತಿದ್ದೆ. ನನಗೂ ನಾಯಿಗೂ ನಡುವೆ ಎರಡು ಮಾರು ದೂರ. ಅಡ್ಡ ಯಾರೂ ಇರಲಿಲ್ಲ.

ಇಷ್ಟು ವಿವರ ಯಾಕೆ ಅಂತ ಕೇಳುತ್ತೀರಾ? ಕಾರಣ ಉಂಟು. ಅವತ್ತು ಸಂಜೆಯೊಳಗೆ ವಾಟ್ಸಾಪ್ ಗ್ರೂಪುಗಳಲ್ಲಿ, ಅಲ್ಲಿ ಇಲ್ಲದವರೆಲ್ಲ ಅಲ್ಲಿ ನಡೆದದ್ದನ್ನು ಬರೆದಾಗಿತ್ತು. ಒಬ್ಬರ ಪ್ರಕಾರ ನಾಯಿ ಸಾಯುವಾಗ ಕಿರುಚಿತು. ಇನ್ನೊಬ್ಬರ ಪ್ರಕಾರ ಅದಕ್ಕೆ ಇನ್ನೂ ವರ್ಷಗಟ್ಟಲೆ ಆಯುಷ್ಯ ಇತ್ತು. ಮತ್ತೊಬ್ಬರು ನನ್ನ ಹೆಸರು ಹಾಕಿ, ಅದರ ಕೆಳಗೆ ಅಳುವ ಮುಖಗಳನ್ನು ಸಾಲಾಗಿ ಕೂರಿಸಿದ್ದರು.

ನಾಯಿ ಕಿರುಚಲಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ರಾಣಿ ಅಂತ ಅದಕ್ಕೆ ಹೆಸರಿಟ್ಟವನು ನಾನು. ಅಲ್ಲಿಯವರೆಗೆ ಹೆಸರಿರಲಿಲ್ಲ, ವಿಳಾಸ ಮಾತ್ರ ಇತ್ತು: ಬಿ.ಸಿ.ರೋಡಿನಲ್ಲಿ ಹಮೀದಾಕನ ಟೈಲ್ಸ್ ಅಂಗಡಿಯ ಮೆಟ್ಟಿಲು. ಹಮೀದಾಕ ಸೌದಿಯ ದಮ್ಮಾಮಿನಲ್ಲಿ ಅರ್ಧ ಆಯುಷ್ಯ ದುಡಿದು ಬಂದು ಇಲ್ಲಿ ಅಂಗಡಿ ಇಟ್ಟವರು. ದೊಡ್ಡ ಕಾರು, ಅದಕ್ಕಿಂತ ದೊಡ್ಡ ಸ್ವರ. ಬೆಳಗ್ಗೆ ಅವರು ಶಟರ್ ಎತ್ತುವಾಗ ನಾಯಿ ಎದ್ದು ಮೈ ಮುರಿಯುತ್ತಿತ್ತು. ಅವರು "ಏಯ್" ಎನ್ನುತ್ತಿದ್ದರು. ಅದು ಎರಡು ಮೆಟ್ಟಿಲು ಕೆಳಗಿಳಿದು ಗಿರಾಕಿಗಳಿಗೆ ಜಾಗ ಬಿಡುತ್ತಿತ್ತು. ಆಮೇಲೆ ಒಂದು ರಸ್ಕ್ ಗಾಳಿಯಲ್ಲಿ ಹಾರಿ ಬರುತ್ತಿತ್ತು. ಇವರಿಬ್ಬರ ಸಂಬಂಧ ಅಷ್ಟೇ.

ಒಂದು ದಿನವೂ ಅವರು ಅದನ್ನು ಮುಟ್ಟಿದ್ದು ನಾನು ನೋಡಿಲ್ಲ. ಅವರ ಕ್ರಮದಲ್ಲಿ ನಾಯಿಯ ಜೊಲ್ಲು ತಾಗಿದರೆ ಏಳು ಸಲ ತೊಳೆಯಬೇಕು. ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ. ತೊಳೆಯದೆ ನಮಾಜಿಗೆ ನಿಲ್ಲುವ ಹಾಗಿಲ್ಲ.

"ನಿಮಗೆ ಒಂದು ಸೋಪಿನಲ್ಲಿ ಮುಗೀತದೆ ಮಾಸ್ಟ್ರೆ. ನನಗೆ ಅಂಗಡಿ ಬಿಟ್ಟು ಮಣ್ಣು ಹುಡುಕಿಕೊಂಡು ಹೋಗ್ಲಿಕ್ಕುಂಟು" ಎಂದು ನಗಾಡುತ್ತಿದ್ದರು. (ನಾನು ಸಿದ್ಧಕಟ್ಟೆಯವನು, ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ ಕೆಲವು ವರ್ಷವಾಯಿತು. ಆದರೆ ಈ ಕಡೆ ಮಾಸ್ಟ್ರು ಎಂಬುದಕ್ಕೆ ನಿವೃತ್ತಿ ಇಲ್ಲ.)

ಹೆದ್ದಾರಿಯಲ್ಲಿ ಒಂದು ಪಿಕಪ್ ಆ ನಾಯಿಯ ಸೊಂಟದ ಮೇಲೆ ಹೋದ ದಿನ ನಾನು ಅಲ್ಲೇ ಬಸ್ಸಿಗೆ ಕಾಯುತ್ತಿದ್ದೆ. ಎತ್ತಿದವನು ನಾನು. ರಕ್ತವಾದದ್ದು ನನ್ನ ಅಂಗಿ. ಹಮೀದಾಕ ಟೈಲ್ಸಿನ ರಟ್ಟು ತಂದು ಹಾಸಿದರು, ಅಡ್ಡ ನಿಂತು ಆಟೋ ನಿಲ್ಲಿಸಿದರು, "ಹೋಗುವ, ಹೋಗುವ" ಎಂದು ಡ್ರೈವರನ ಪಕ್ಕ ಕೂತರು. ಹಿಂದಿನ ಸೀಟಿನಲ್ಲಿ ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡವನು ನಾನು. (ಈ 'ನಾನು' ಸ್ವಲ್ಪ ಜಾಸ್ತಿಯಾಯಿತು, ಗೊತ್ತುಂಟು. ಆದರೆ ನಡೆದದ್ದು ಹಾಗೆಯೇ.)

ಪೆಟ್ಟಾದ ಪ್ರಾಣಿಗಳನ್ನು ನೋಡಿಕೊಳ್ಳುವ ವನಿತಕ್ಕನ ಶೆಡ್ ಬೆಳುವಾಯಿಯಲ್ಲಿದೆ. ಊರವರು ನಾಲ್ಕು ಜನ ಸೇರಿ ಮಾಡಿದ ಸಣ್ಣ ಟ್ರಸ್ಟ್ ಅದು. ಕೆಲಸವೆಲ್ಲ ವನಿತಕ್ಕನದ್ದೇ. ಅವರು ಮಾಡಿಕೊಂಡ ಒಂದು ಕ್ರಮ ಉಂಟು: ಎತ್ತಿಕೊಂಡು ಬಂದವರನ್ನು ಕೇಳದೆ ಯಾವ ಪ್ರಾಣಿಗೂ ನೋವಿಲ್ಲದೆ ಸಾಯಿಸುವ ಕೊನೆಯ ಸೂಜಿ ಇಲ್ಲ. ಡಾಕ್ಟರು ಬೇಕೆಂದರೂ ಇಲ್ಲ. "ಎತ್ತಿದ ಕೈ ಹೂಂ ಅನ್ನಬೇಕು" ಎನ್ನುತ್ತಾರೆ.

ರಾಣಿಯ ಮಟ್ಟಿಗೆ ಆ ಕೈ ನನ್ನದು.

ಜೀವ ಉಳಿಯಿತು, ಬೆನ್ನುಮೂಳೆ ಉಳಿಯಲಿಲ್ಲ. ಸೊಂಟದಿಂದ ಕೆಳಗೆ ಅದಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ. ಪ್ರತಿ ಆದಿತ್ಯವಾರ ನಾನು ಬಸ್ಸು ಹತ್ತಿ ಹೋದೆ. ಕೋಳಿಯ ಲಿವರ್ ಬೇಯಿಸಿ ಅನ್ನಕ್ಕೆ ಕಲಸಿಕೊಂಡು ಹೋದೆ. ಬಿಸಿನೀರಿನ ಬಟ್ಟೆಯಲ್ಲಿ ಅದರ ಕಾಲು ಒತ್ತಿದೆ. "ನನಗೆ ಜ್ವರ ಬಂದಾಗ ನೀವು ಕಾಲು ಒತ್ತಿದ್ದು ನನಗೆ ನೆನಪಿಲ್ಲಪ್ಪ" ಎಂದಳು ಹೆಂಡತಿ. ನನಗೂ ನೆನಪಿರಲಿಲ್ಲ.

ರಾಣಿ ನನ್ನ ಅನ್ನ ತಿನ್ನುತ್ತಿತ್ತು. ನೆಂಟರ ಮನೆಯಲ್ಲಿ ತಿನ್ನುವ ಹಾಗೆ, ಮರ್ಯಾದೆಗೆ. "ರಾಣಿ" ಎಂದರೆ ಕಿವಿ ಕೂಡ ಅಲುಗುತ್ತಿರಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ತಿರುವಿನಲ್ಲಿ ಹಮೀದಾಕನ ಕಾರಿನ ಶಬ್ದ ಕೇಳುತ್ತಿತ್ತು. ನಮಗೆ ಕೇಳುವುದಕ್ಕೆ ಮುಂಚೆ ಅದಕ್ಕೆ ಕೇಳುತ್ತಿತ್ತು. ಎರಡೂ ಕಿವಿ ಹಿಂದಕ್ಕೆ ಮಡಚಿ, ಮುಂಗಾಲು ಊರಿ, ಸತ್ತ ಸೊಂಟವನ್ನು ಸಿಮೆಂಟಿನ ಮೇಲೆ ಎಳೆದುಕೊಂಡು ಬಾಗಿಲವರೆಗೆ ಹೋಗುತ್ತಿತ್ತು. ಹಮೀದಾಕ ಜಾಲರಿಯ ಹೊರಗೆ ನಿಂತು "ಏಯ್" ಎನ್ನುತ್ತಿದ್ದರು. ಒಂದು ರಸ್ಕ್ ಒಳಗೆ ಎಸೆಯುತ್ತಿದ್ದರು. ಬಾಲ ಅಲ್ಲಾಡುವಂತಿರಲಿಲ್ಲ. ಆದರೆ ಮುಖ ಇತ್ತಲ್ಲ. ಆ ಮುಖವನ್ನು ಅದು ನನಗೆ ಒಂದು ಸಲವೂ ತೋರಿಸಿರಲಿಲ್ಲ.

"ಮಾಸ್ಟ್ರೆ, ನಿಮ್ಮ ನಾಯಿ ತೆಳ್ಳಗಾಗಿದೆ" ಎನ್ನುತ್ತಿದ್ದರು ಹಮೀದಾಕ. ನಿಮ್ಮ ನಾಯಿ. ಆ ಮಾತನ್ನು ಅವರು ಕೊಂಕಿನಿಂದ ಹೇಳಿದವರಲ್ಲ. ಕೊಂಕಿನಿಂದ ಹೇಳಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಇದಕ್ಕೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಬೇರೆ ಒಳ್ಳೆಯ ಶಬ್ದ ಹುಡುಕಿದೆ, ಸಿಕ್ಕಲಿಲ್ಲ. ಮೊಮ್ಮಕ್ಕಳಿರುವ ಗಂಡಸಿಗೆ ಒಂದು ಬೀದಿನಾಯಿಯ ಕಿವಿಯ ಮೇಲೆ ಹೊಟ್ಟೆಕಿಚ್ಚು. ನಗುವುದಾದರೆ ನಗಿ. ನಿಮ್ಮ ಮಗು ನಿಮ್ಮನ್ನು ಬಿಟ್ಟು ಪಕ್ಕದ ಮನೆಯವರ ಕಡೆಗೆ ಕೈ ಚಾಚಿದ ದಿನ ನೀವು ನಕ್ಕಿದ್ದಿರಾ?

ಮಳೆಗಾಲ ಮುಗಿಯುವಾಗ ತೊಡೆಯ ಹುಣ್ಣು ದೊಡ್ಡದಾಯಿತು. ಮೂತ್ರ ತಾನಾಗಿ ಹೋಗುತ್ತಿರಲಿಲ್ಲ, ಹೊಟ್ಟೆ ಒತ್ತಿ ತೆಗೆಯಬೇಕಿತ್ತು. ಅದರಿಂದ ಸೋಂಕು, ಸೋಂಕು ಕಿಡ್ನಿಗೆ. ಮೂಡುಬಿದಿರೆಯಿಂದ ಬರುವ ಪಶುವೈದ್ಯೆ ಡಾಕ್ಟರ್ ರಶ್ಮಿ ಇನ್ನೊಬ್ಬ ಡಾಕ್ಟರಿಗೂ ತೋರಿಸಿದರು. ಆಮೇಲೆ ನಮ್ಮನ್ನೆಲ್ಲ ಶೆಡ್ಡಿನ ಹೊರಗೆ ಕೂರಿಸಿಕೊಂಡು ಮಾತಾಡಿದರು.

"ನೋವು ಮದ್ದಿಗೆ ಬಗ್ತದಾ ಅಂತ ನೋಡ್ತೇವೆ. ತಿನ್ತದಾ ಅಂತ ನೋಡ್ತೇವೆ. ನಾಯಿಯಾಗಿ ಮಾಡುವಂಥದ್ದು ಏನಾದ್ರೂ ಒಂದು ಅದಕ್ಕೆ ಆಗ್ತದಾ ಅಂತ ನೋಡ್ತೇವೆ."

"ಒಂದು ಮಾಡ್ತದೆ" ಎಂದರು ವನಿತಕ್ಕ. "ಹಮೀದಾಕ ಬಂದಾಗ ಅವರ ಹತ್ತಿರ ಹೋಗ್ತದೆ."

"ಅದೇ ತೊಂದರೆ ಅಕ್ಕ" ಎಂದು ಡಾಕ್ಟರು ಶೆಡ್ಡಿನೊಳಗಿನ ನೆಲ ತೋರಿಸಿದರು. ರಾಣಿ ಮಲಗುವ ಜಾಗದಿಂದ ಬಾಗಿಲವರೆಗೆ ಸಿಮೆಂಟಿನ ಮೇಲೆ ಒಂದು ಕಂದು ಗೆರೆ ಇತ್ತು. ನಾವೆಲ್ಲ ಅದರ ಮೇಲೆ ಓಡಾಡಿದವರೇ. "ಒಂದೊಂದು ಸಲ ಹೋಗುವಾಗ್ಲೂ ಅಷ್ಟಷ್ಟು ಚರ್ಮ ಹೋಗ್ತದೆ. ಅಲ್ಲಿ ಅದಕ್ಕೆ ನೋವು ಗೊತ್ತಾಗುವುದಿಲ್ಲ. ಹಾಗಾಗಿ ನಿಲ್ಲಿಸುವುದೂ ಇಲ್ಲ."

ಹಮೀದಾಕ ಆ ಗೆರೆಯನ್ನು ಸುಮಾರು ಹೊತ್ತು ನೋಡಿದರು. "ಜೀವ ಕೊಟ್ಟವನು ತೆಗೀಲಿ. ನಡುವೆ ನಾವು ಯಾರು ಮಾರಾಯ್ರೆ?" ಎಂದರು. ಸ್ವರ ಎಂದಿನಷ್ಟು ದೊಡ್ಡದಿರಲಿಲ್ಲ. "ನಾನು ಇನ್ನು ಬರುವುದಿಲ್ಲ. ಎಳ್ಕೊಂಡು ಬರುವುದು ನಿಂತರೆ ಹುಣ್ಣು ವಾಸಿಯಾದೀತು."

ಅವರು ಬರುವುದನ್ನು ನಿಲ್ಲಿಸಿಯೇಬಿಟ್ಟರು.

ಆಗ ನನಗೆ ಏನನಿಸಿತು? ಸಂತೋಷವಾಯಿತು. ಮುಂದಿನ ಆದಿತ್ಯವಾರ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಇನ್ನು ರಾಣಿ ನನ್ನದು ಎಂದುಕೊಂಡೆ. ಹಮೀದಾಕ ರಸ್ಕ್ ಕೊಳ್ಳುವ ಬೇಕರಿಯಿಂದಲೇ ರಸ್ಕ್ ಕೊಂಡಿದ್ದೆ. ವನಿತಕ್ಕ ಒಳಗೆ ಹೋದ ಸಮಯ ನೋಡಿ, ಜಾಲರಿಯ ಹೊರಗೆ ನಿಂತು "ಏಯ್" ಎಂದೂ ನೋಡಿದೆ. ರಾಣಿ ತಲೆ ಎತ್ತಿತು. ನನ್ನನ್ನು ನೋಡಿತು. ಮತ್ತೆ ತಿರುವಿನ ಕಡೆಗೆ ಮುಖ ಮಾಡಿ ಮಲಗಿತು.

ಅದರ ಮುಂದಿನ ವಾರ ತಿನ್ನುವುದನ್ನು ಬಿಟ್ಟಿತು. ಹುಣ್ಣೂ ಒಣಗಲಿಲ್ಲ, ಇನ್ನೂ ಆಳಕ್ಕೆ ಹೋಯಿತು. ಡ್ರಿಪ್ ಹಾಕಿದರು. ನೋವಿನ ಮದ್ದು ಕೆಲಸ ಮಾಡುತ್ತಿಲ್ಲ ಎಂದರು ಡಾಕ್ಟರು.

ವನಿತಕ್ಕ ಫೋನ್ ಮಾಡಿದರು. "ಮಾಸ್ಟ್ರೆ, ಡಾಕ್ಟ್ರು ಇಬ್ಬರೂ ಹೇಳಿ ಆಯ್ತು. ಇನ್ನು ನಿಮ್ಮನ್ನು ಕೇಳ್ಬೇಕಲ್ಲ."

"ಹೂಂ" ಎಂದೆ.

ಬೇಗ ಹೇಳಿದೆ. ಅಂಥ ಮಾತಿಗೆ ಮುಂಚೆ ಮನುಷ್ಯ ಸ್ವಲ್ಪ ತಡವರಿಸಬೇಕು. ಆ ಹೂಂ ಎಲ್ಲಿಂದ ಬಂತು? ಅದರ ನೋವು ನೋಡಲಾರದೆ ಬಂತೋ? ಅಥವಾ ನನ್ನದಾಗದ ಮೇಲೆ ಯಾರದ್ದೂ ಆಗುವುದು ಬೇಡ ಎಂಬ ಜಾಗದಿಂದ ಬಂತೋ? ಎರಡೂ ಒಂದೇ ಸ್ವರದಲ್ಲಿ ಮಾತಾಡುತ್ತವೆ, ನಾನು ಕಿವಿಗೊಟ್ಟು ಕೇಳಿದ್ದೇನೆ.

ಆದಿತ್ಯವಾರ ನಾನು ಹೋಗುವಾಗ ಗೇಟಿನ ಹೊರಗೆ ಹಮೀದಾಕ ನಿಂತಿದ್ದರು. ಅವರಿಗೂ ವನಿತಕ್ಕ ಹೇಳಿದ್ದರಂತೆ. ಕಾರನ್ನು ರಸ್ತೆಯಲ್ಲೇ, ಸುಮಾರು ದೂರ ನಿಲ್ಲಿಸಿ ನಡೆದುಕೊಂಡು ಬಂದಿದ್ದರು. ಶೆಡ್ಡಿಗೆ ಬೆನ್ನು ಹಾಕಿ ನಿಂತಿದ್ದರು.

"ಒಳಗೆ ಬರುವುದಿಲ್ಲವಾ?" ಎಂದೆ.

"ನೋಡಿದರೆ ಎಳ್ಕೊಂಡು ಬರ್ತದೆ" ಎಂದರು. "ನೀವು ಹೋಗಿ."

ನಾನು ಹೋದೆ. ಕ್ರಮ ಹೀಗೆ: ಮೊದಲು ನಿದ್ದೆಯ ಸೂಜಿ. ಅದು ಪೂರ್ತಿ ಮಲಗಿದ ಮೇಲೆ ಎರಡನೆಯದು. ತಲೆಯ ಹತ್ತಿರ ಪರಿಚಯದವರೊಬ್ಬರು ಇರಬೇಕು. "ಯಾರು ಕೂತ್ಕೊಳ್ತೀರಿ?" ಎಂದರು ಡಾಕ್ಟರು. ಅವರ ಮಾತು ಮುಗಿಯುವ ಮೊದಲೇ ನಾನು ಕೂತಾಗಿತ್ತು.

ಸೂಜಿ ನೋಡಿದ್ದೇ ರಾಣಿ ಹಲ್ಲು ತೋರಿಸಿತು. "ರಾಣಿ, ರಾಣಿ" ಎಂದು ತಲೆಗೆ ಕೈ ಇಟ್ಟೆ. ಅದು ನನ್ನ ಕೈಯ ಕೆಳಗಿನಿಂದ ನುಸುಳಿ, ಇದ್ದ ಶಕ್ತಿಯನ್ನೆಲ್ಲ ಮುಂಗಾಲಿಗೆ ಹಾಕಿ, ಬಾಗಿಲ ಕಡೆಗೆ ಸರಿಯಲು ನೋಡಿತು. ಮೈಯೆಲ್ಲ ನಡುಗುತ್ತಿತ್ತು.

ಡಾಕ್ಟರು ಸೂಜಿಯನ್ನು ಹಿಂದಕ್ಕೆ ತೆಗೆದುಕೊಂಡರು. "ಸರ್, ಇದು ಹೆದರಿದೆ. ಹೆದರಿದ ಪ್ರಾಣಿಯನ್ನು ಒತ್ತಿ ಹಿಡಿದು ನಾನು ಕೊಡುವುದಿಲ್ಲ. ಬೇರೆ ಯಾರಾದ್ರೂ ಇದ್ದಾರಾ?"

ಇದ್ದರು. ಹೊರಗೇ ಇದ್ದರು. ವನಿತಕ್ಕ ನನ್ನ ಮುಖ ನೋಡಿದರು. ಅದು ನಾನೇ ಹೇಳಬೇಕಾದ ಮಾತು ಎಂದು ಅವರಿಗೆ ಗೊತ್ತಿತ್ತು. ಆ ಹೂಂ ಎಷ್ಟು ಬೇಗ ಬಂದಿತ್ತೋ ಈ ಹೆಸರು ಅಷ್ಟು ತಡವಾಗಿ ಬಂತು.

"ಹಮೀದಾಕನನ್ನು ಕರೀರಿ" ಎಂದೆ. ಎದ್ದು ಹೋಗಿ ಡ್ರಮ್ಮಿನ ಹತ್ತಿರ ನಿಂತೆ.

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಬಿಳಿ ಅಂಗಿ, ಬಿಳಿ ಪಂಚೆ. ಆ ಸಿಮೆಂಟಿನ ಮೇಲೆ, ಆ ಗೆರೆಯ ಮೇಲೆಯೇ ಕೂತರು. "ಏಯ್" ಎಂದರು, ಮೆಲ್ಲಗೆ. "ಎಂಥ ಅವಸ್ಥೆ ಮಾರಾಯ್ತಿ ನಿನ್ನದು? ಅಂಗಡಿ ಎದುರು ಈಗ ಬೆಕ್ಕು ಬಂದು ಕೂತಿದೆ. ಗಿರಾಕಿಗೆ ಜಾಗವೇ ಬಿಡುವುದಿಲ್ಲ ಅದು."

ಹಾಗೆನ್ನುತ್ತ ಬಲಗೈ ಚಾಚಿದರು.

ರಾಣಿ ಆ ಅಂಗೈಯಲ್ಲಿ ಗದ್ದ ಇಟ್ಟಿತು. ನಡುಕ ನಿಂತಿತು. ಬೆರಳು ನೆಕ್ಕಿತು, ಮಣಿಕಟ್ಟು ನೆಕ್ಕಿತು, ಅಂಗಿಯ ತೋಳು ನೆಕ್ಕಿತು. ಅವರು ಕೈ ಹಿಂದೆ ತೆಗೆಯಲಿಲ್ಲ, ಬೆಕ್ಕಿನ ಸುದ್ದಿ ಹೇಳುತ್ತಲೇ ಇದ್ದರು. ಡಾಕ್ಟರು ಹೆಗಲಿಗೆ ಸೂಜಿ ಕೊಟ್ಟದ್ದನ್ನು ಅದು ತಿರುಗಿ ಕೂಡ ನೋಡಲಿಲ್ಲ. ಕಿವಿ ಹಿಂದಕ್ಕೆ ಮಡಚಿತ್ತು. ಕಣ್ಣು ಅವರ ಮೇಲೆ. ನಾಲಗೆ ನಿಧಾನವಾಯಿತು, ನಿಂತಿತು, ತಲೆ ಭಾರವಾಯಿತು. ಎರಡನೆಯ ಸೂಜಿ ಮುಂಗಾಲಿನ ನರಕ್ಕೆ. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ತಲೆಯಾಡಿಸಿದರು.

ಇಷ್ಟೇ ನಡೆದದ್ದು.

ಹಮೀದಾಕ ಹೊರಗೆ ಬಂದು ತೆಂಗಿನ ಬುಡದಿಂದ ಒಂದು ಹಿಡಿ ಕೆಂಪು ಮಣ್ಣು ತೆಗೆದುಕೊಂಡರು. ಚೊಂಬಿನಲ್ಲಿ ನೀರು ಹೊಯ್ದವನು ನಾನು. ನನಗೆ ಸಿಗದೇ ಹೋದದ್ದನ್ನು ಅವರು ಮಣ್ಣು ಹಚ್ಚಿ ತಿಕ್ಕಿ ತೊಳೆಯುತ್ತಿದ್ದರು. ನಾನು ನೋಡುತ್ತಿದ್ದೆ.

"ಎಷ್ಟಾಯ್ತು?" ಎಂದರು.

"ಐದು."

"ಸರಿಯಾಗಿ ಲೆಕ್ಕ ಇಡಿ ಮಾಸ್ಟ್ರೆ. ಮೇಲೆ ನಿಮ್ಮನ್ನು ಕೇಳುವುದಿಲ್ಲ, ನನ್ನನ್ನು ಕೇಳುವುದು." ನಗು ಅರ್ಧಕ್ಕೆ ನಿಂತಿತು. ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳಲು ಹೋದವರು, ಆ ತೋಳು ಇನ್ನೂ ತೊಳೆದಿಲ್ಲ ಎಂದು ನೆನಪಾಗಿ ಕೈ ಇಳಿಸಿದರು. ಹಾಗೇ ಬಿಟ್ಟರು. ಕಣ್ಣೀರು ಅದರ ಪಾಡಿಗೆ ಹೋಯಿತು.

ಸೂಜಿಗೆ ಒಪ್ಪದೆಯೇ ಬಂದವರು ಅವರು. ಒಪ್ಪಿದರೋ ಇಲ್ಲವೋ, ಈಗಲೂ ಹೇಳಿಲ್ಲ. ಆ ನಾಯಿಯನ್ನು ಒಬ್ಬಂಟಿಯಾಗಿ ಹೆದರಲು ಬಿಡಲಿಲ್ಲ, ಅಷ್ಟೇ. ಅದನ್ನು ಮುಟ್ಟಲು ನನಗೆ ಯಾವ ಅಡ್ಡಿಯೂ ಇರಲಿಲ್ಲ. ತಿಂಗಳುಗಟ್ಟಲೆ ಮುಟ್ಟಿದ್ದೆ. ಅವರು ಮುಟ್ಟಿದ್ದು ಒಂದೇ ಸಲ. ಅದರ ಮೇಲೂ ನನಗೆ ಹೊಟ್ಟೆಕಿಚ್ಚು, ಇಂದಿಗೂ.

ಹೊರಡುವಾಗ ಡಾಕ್ಟರನ್ನು ಕೇಳಿದೆ. "ನಾನು ಹೂಂ ಅಂದದ್ದು ಸರಿಯಾ?"

ಅವರು ಬ್ಯಾಗು ಮುಚ್ಚುತ್ತಿದ್ದರು. "ನೀವು ಯಾವ ಮನಸ್ಸಿನಲ್ಲಿ ಹೇಳಿದ್ರಿ ಅಂತ ನನಗೆ ಗೊತ್ತಿಲ್ಲ ಸರ್. ನಾನು ಕಿಡ್ನಿ ನೋಡಿ, ಹುಣ್ಣು ನೋಡಿ ಹೇಳಿದ್ದು. ನೀವು ಬೇಡ ಅಂದಿದ್ದರೂ ಅದು ಬದುಕುತ್ತಿರಲಿಲ್ಲ. ಸಾಯ್ಲಿಕ್ಕೆ ಇನ್ನೂ ಒಂದು ವಾರ ತೆಗೆದುಕೊಳ್ತಿತ್ತು."

ಅದರ ನಂತರ ನನಗೆ ಅನಿಸಿದ್ದು ಇಷ್ಟು. ಇಂಥ ತೀರ್ಮಾನವನ್ನು ಪ್ರೀತಿಸುವವರ ಮನಸ್ಸಿನ ಮೇಲೆ ಮಾತ್ರ ಬಿಡಬಾರದು. ಉಳಿಸುವ ಎನ್ನುವವರಿಗೂ ಒಂದು ಸ್ವಾರ್ಥ ಇರುತ್ತದೆ, ಸಾಕು ಎನ್ನುವವರಿಗೂ ಇರುತ್ತದೆ. ಹುಣ್ಣಿಗೆ ಸ್ವಾರ್ಥ ಇಲ್ಲ. ಅದನ್ನು ನೋಡಲು ಬಲ್ಲವರು ನೋಡಬೇಕು. ಗ್ರೂಪಿನಲ್ಲಿ ಅಳುವ ಮುಖ ಇಟ್ಟವರಲ್ಲಿ ಒಬ್ಬರಾದರೂ ಒಂದು ದಿನ ಬಂದು ಆ ಹುಣ್ಣನ್ನು ತೊಳೆದಿದ್ದರೆ, ವನಿತಕ್ಕ ಅವರಿಗೊಂದು ಚಹಾ ಕೊಡುತ್ತಿದ್ದರು. ಯಾರೂ ಬರಲಿಲ್ಲ.

ಅವತ್ತು ಅಲ್ಲಿದ್ದು ಕಣ್ಣಾರೆ ಕಂಡವರು ನಾನಲ್ಲದೆ ಮೂವರು. ಬೆಳುವಾಯಿಯ ವನಿತಕ್ಕ, ಮೂಡುಬಿದಿರೆಯ ಡಾಕ್ಟರ್ ರಶ್ಮಿ, ಬಿ.ಸಿ.ರೋಡಿನ ಹಮೀದಾಕ. ಮೂವರೂ ಗಟ್ಟಿಯಾಗಿದ್ದಾರೆ, ಕರೆದರೆ ಮಾತಾಡುತ್ತಾರೆ. ನಾಯಿ ಕಿರುಚಿತಾ ಎಂದು ಅವರನ್ನೇ ಕೇಳಿ. ಅದು ಯಾರ ನಾಯಿ ಎಂದು ಮಾತ್ರ ಕೇಳಬೇಡಿ, ಅವರು ಸುಳ್ಳು ಹೇಳುವವರಲ್ಲ.