ಚೆನ್ನಾಗಿರುವ ಮೆಷಿನ್ ಯಾಕೆ ಮಾರ್ತಿದ್ದೀರಿ?

“ಹೊಸದರ ಹಾಗೇ ಇದೆಯಲ್ಲ, ಮತ್ತೆ ಯಾಕೆ ಮಾರ್ತಿದ್ದೀರಿ?” ಎಂದು ಕೇಳಿಯೇಬಿಟ್ಟೆ. ಸಂತೆಮರಹಳ್ಳಿಯ ಆ ಮನೆಯ ನಡುಮನೆಯಲ್ಲಿ ರೋಯಿಂಗ್ ಮೆಷಿನ್ ಮೇಲೆ ಕೂತು, ದೋಣಿಗೆ ಹುಟ್ಟು ಹಾಕುವವರಂತೆ ಹಿಡಿ ಎಳೆದು ನೋಡುತ್ತಿದ್ದೆ. ಸೀಟು ಸದ್ದಿಲ್ಲದೆ ಹಿಂದೆ ಮುಂದೆ ಜಾರುತ್ತಿತ್ತು.

ಗುಂಡ್ಲುಪೇಟೆಯಲ್ಲಿ ದಿನವಿಡೀ ಬಟ್ಟೆ ಹೊಲಿಯುತ್ತಾ ಕೂರುವ ನನಗೆ ಮಂಡಿನೋವು. ಮಂಡಿಗೆ ಭಾರ ಬೀಳದ ವ್ಯಾಯಾಮ ಮಾಡಿ ಎಂದಿದ್ದರು ಡಾಕ್ಟರು. ಅಂಗಡಿಯಲ್ಲಿ ಒಳ್ಳೆಯ ಮೆಷಿನ್ ಕೈಗೆ ಎಟುಕಲಿಲ್ಲ, ಅಗ್ಗದ್ದು ಎಳೆದರೆ ಅಲುಗಾಡುತ್ತಿತ್ತು. ಮೊಬೈಲಿನಲ್ಲಿ ಇದು ಮಾರಾಟಕ್ಕಿರುವುದು ಕಂಡಾಗ ನಮ್ಮ ಯಜಮಾನರು, “ಈ ರೇಟಿಗೆ ಕೊಡ್ತಾವ್ರೆ ಅಂದ್ರೆ ಏನೋ ಕೆಟ್ಟಿರ್ಬೇಕು ಕಣಮ್ಮಿ” ಎಂದಿದ್ದರು.

ನನ್ನ ಪ್ರಶ್ನೆಗೆ ಆ ಮನೆಯ ಸೊಸೆ ತಲೆ ತಗ್ಗಿಸಿದಳು. ನನಗೆ ಅನುಮಾನ ಇನ್ನೂ ಜಾಸ್ತಿಯಾಯಿತು. ಅಷ್ಟರಲ್ಲಿ ಕಾಫಿ ತಂದ ಅವಳ ಅತ್ತೆ ಜೋರಾಗಿ ನಕ್ಕರು.

“ಮಿಷನ್ ಕೆಟ್ಟಿಲ್ಲ ಕಣವ್ವ. ತೂಕ ಇಳುದ್ರೆ ಮಕ್ಕಳಾಯ್ತವೆ ಅಂತ ಡಾಕ್ಟ್ರು ಏಳುದ್ರು. ದಿನಾ ಬೆವ್ರು ಸುರ್ಸಿ ಎಳುದ್ಲು. ಅಷ್ಟೊಂದು ವರ್ಸ ಕಾದ ಮ್ಯಾಲೆ ಈಗ ಬಸ್ರಿ! ಇದ್ನ ತಗದ್ರೆ ತಾನೆ ಇಲ್ಲಿ ತೊಟ್ಲು ಕಟ್ಟದು?”

ನಾನು ಎದ್ದು ಆ ಹುಡುಗಿಯ ಎರಡೂ ಕೈ ಹಿಡಿದುಕೊಂಡೆ. ಚೌಕಾಸಿ ಮಾಡಲೆಂದೇ ಬಂದಿದ್ದ ಯಜಮಾನರು ಅವರು ಕೇಳಿದಷ್ಟನ್ನೂ ಕೊಟ್ಟು, ಮೆಷಿನ್ನನ್ನು ಲಗೇಜ್ ಆಟೊಗೆ ಹಾಕಿಸಿದರು.

ಈಗ ಮಂಡಿ ಹಗುರವಾಗಿದೆ. ಬೆಳಿಗ್ಗೆ ಏಳಲು ಸೋಮಾರಿತನವಾದ ದಿನ, ಇದೇ ಸೀಟಿನಲ್ಲಿ ಆಸೆಯಿಟ್ಟು ಕೂತಿದ್ದ ಆ ಹುಡುಗಿ ನೆನಪಾಗುತ್ತಾಳೆ. ಎದ್ದು ಹೋಗಿ ಕೂರುತ್ತೇನೆ. ಎಳೆಯುತ್ತಾ ಎಳೆಯುತ್ತಾ ನನಗೇ ಗೊತ್ತಿಲ್ಲದೆ ನಗುತ್ತಿರುತ್ತೇನೆ.