ಹಡಗಿಗೆ ಹೊತ್ತ ಹರಕೆ

ಈಗ ಹೇಳಹೊರಟಿರುವುದೆಲ್ಲ ಹೀಗೆಯೇ ನಡೆಯಿತೇ ಎಂದು ಕೇಳಿದರೆ, ಗೊತ್ತಿಲ್ಲ ಎಂಬುದೇ ಪ್ರಾಮಾಣಿಕವಾದ ಉತ್ತರ. ನನಗಾಗ ಏಳು ವರ್ಷವೋ ಎಂಟೋ. ಮುಂದೆ ಮೈಸೂರಿಗೆ ಹೋಗಿ ವಿಶ್ವವಿದ್ಯಾನಿಲಯದಲ್ಲಿ ಓದಿದೆ; ಯಾವ ಮಾತು ಕಿವಿಗೆ ಬಿದ್ದರೂ ‘ಇದಕ್ಕೆ ಆಧಾರವೇನು’ ಎಂದು ಕೇಳುವ ಚಾಳಿಯನ್ನು ಅಲ್ಲಿಂದ ಅಂಟಿಸಿಕೊಂಡು ಬಂದೆ. ಅದು ಬೇರೆಯವರ ಮಾತಿಗಷ್ಟೇ ಮೀಸಲಾಗಿದ್ದರೆ ಸುಖವಾಗಿರುತ್ತಿದ್ದೆ. ನನ್ನ ನೆನಪುಗಳನ್ನೂ ಅದು ಕಟಕಟೆಗೆ ಹತ್ತಿಸುತ್ತದೆ. ಮೊನ್ನೆ ಅಡುಗೆಮನೆಯಲ್ಲಿ ಸೊಸೆ ವಿನಿಗರ್ ಸೀಸೆಯ ಮುಚ್ಚಳ ತೆಗೆದಳು. ಆ ಚುರುಕು ಹುಳಿ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಭದ್ರಾವತಿಯ ನ್ಯೂ ಟೌನಿನಲ್ಲಿ, ನಮ್ಮ ಕ್ವಾರ್ಟರ್ಸಿನ ಸಿಮೆಂಟು ಜಗಲಿಯ ಮೇಲೆ ಚಡ್ಡಿ ಹಾಕಿಕೊಂಡು ಕೂತಿದ್ದೆ. ಆಗ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಕಾಡಿನ ಕಟ್ಟಿಗೆಯನ್ನು ಗಾಳಿಯಾಡದ ದೊಡ್ಡ ಪೆಟ್ಟಿಗೆಗಳಲ್ಲಿ ಬೇಯಿಸಿ ಇದ್ದಿಲು ಮಾಡುತ್ತಿದ್ದರು. ಅದರ ಹೊಗೆಗೆ ಇದೇ ಹುಳಿ ವಾಸನೆ. ಗಾಳಿ ನಮ್ಮ ಕಡೆಗೆ ತಿರುಗಿದ ಸಂಜೆ ಊರಿಗೆ ಊರೇ ಉಪ್ಪಿನಕಾಯಿ ಭರಣಿಯೊಳಗೆ ಕೂತಂತೆ ಇರುತ್ತಿತ್ತು. ಆ ವಾಸನೆಯ ಜೊತೆಗೇ ನನಗೆ ಶಾರದಕ್ಕನ ದನಿ ಕೇಳಿಸುತ್ತದೆ. ವಾಸನೆ ನಿಜ. ದನಿಯಲ್ಲಿ ಎಷ್ಟು ಪಾಲು ನಾನೇ ಸೇರಿಸಿದ್ದೋ ಹೇಳಲಾರೆ.

ಆ ಮನೆಯಲ್ಲಿ ನಾವು ಐದು ಜನ. ಅಪ್ಪ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತ. ಅಮ್ಮ, ನಾನು, ನನಗಿಂತ ಆರೇಳು ವರ್ಷಕ್ಕೆ ದೊಡ್ಡವಳಾದ ಶಾರದಕ್ಕ, ಮತ್ತು ಅಪ್ಪನ ತಾಯಿ. ಅಜ್ಜಿ ಬದುಕಿನ ಬಹುಭಾಗವನ್ನು ಹೊಳೆಯಾಚೆಯ ಹಳ್ಳಿಯಲ್ಲಿ ಗದ್ದೆ ಕೆಲಸದಲ್ಲಿ ಕಳೆದವಳು. ಮಗನ ಕ್ವಾರ್ಟರ್ಸಿಗೆ ಬರುವಾಗ ಒಂದು ಒರಳುಕಲ್ಲನ್ನೂ, ನಲ್ಲಿ ನೀರಿನ ಮೇಲೆ ಅಪಾರ ಅನುಮಾನವನ್ನೂ ಜೊತೆಗೆ ತಂದಿದ್ದಳು. ಅಕ್ಕನನ್ನು ಸ್ಕೂಲಿಗೆ ಸೇರಿಸುವಾಗಲೇ ಅಜ್ಜಿ ಒಂದು ಷರತ್ತು ಹಾಕಿದ್ದಳಂತೆ: “ಅಲ್ಲಿ ಏನ್ ಕಲ್ತ್ಯೋ ಅದನ್ನ ಸಂಜೆ ಮನೇಲಿ ಒಪ್ಪಿಸ್ಬೇಕು. ಊರಿಗೆಲ್ಲ ಹಂಚೋದು, ಮನೇಗೆ ಖಾಲಿ ಕೈ, ಅದಾಗಲ್ಲ.” ಒಪ್ಪಿಸುವುದು ಎಂದರೆ ಪಾಠವನ್ನು ಬಾಯಿಪಾಠ ಹೇಳುವುದು ಎಂದು ಮೇಷ್ಟರುಗಳ ಲೆಕ್ಕ. ಅಜ್ಜಿಯ ಲೆಕ್ಕದಲ್ಲಿ ಅದು ಗದ್ದೆಯಿಂದ ತಂದ ಸೊಪ್ಪನ್ನು ಅಡುಗೆಮನೆಗೆ ಒಪ್ಪಿಸುವಂಥ ಕೆಲಸ. ಅದೇ ಮಾತಿಗೆ ‘ಹೂಂ ಅನ್ನಿಸುವುದು’ ಎಂಬ ಇನ್ನೊಂದು ಅರ್ಥವೂ ಇದೆ ಎಂಬುದನ್ನು ಅಕ್ಕ ಯಾವಾಗ ಕಂಡುಕೊಂಡಳೋ ನನಗೆ ತಿಳಿಯದು.

ದೀಪ ಹಚ್ಚುವ ಮುನ್ನ ಜಗಲಿಯಲ್ಲಿ ಪಾಠ ನಡೆಯುತ್ತಿತ್ತು. ಅಜ್ಜಿ ಕಂಬಕ್ಕೆ ಒರಗಿ ಎಲೆಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂರುತ್ತಿದ್ದಳು. ಅಮ್ಮ ಅಕ್ಕಿ ಆರಿಸುತ್ತ ಹೊಸಿಲಲ್ಲಿ. ಅಪ್ಪ ಒಳಗೆ ಪೇಪರು ಓದುವ ನೆಪದಲ್ಲಿ ಒಂದೇ ಪುಟವನ್ನು ತುಂಬ ಹೊತ್ತು ಹಿಡಿದುಕೊಂಡಿರುತ್ತಿದ್ದರು. ವಿಜ್ಞಾನದ ದಿನ ಅಕ್ಕ ಲೋಟದ ತುಂಬ ನೀರು ತುಂಬಿ, ಮೇಲೆ ಕಾಗದ ಮುಚ್ಚಿ, ತಲೆಕೆಳಗು ಮಾಡಿ, ನೀರು ಬೀಳುವುದಿಲ್ಲ ನೋಡಿ ಎಂದಳು. ನೀರು ಅಜ್ಜಿಯ ಎಲೆಅಡಿಕೆ ತಟ್ಟೆಯ ಮೇಲೆಯೇ ಬಿತ್ತು. “ಸ್ಕೂಲಲ್ಲಿ ಬೀಳ್ಲಿಲ್ಲ ಅಜ್ಜಿ!” ಎಂದು ಅಕ್ಕ ಅಳುಮುಖ ಮಾಡಿದರೆ, ಅಜ್ಜಿ ಒದ್ದೆ ಎಲೆಯನ್ನು ಸೆರಗಿಗೆ ಒರೆಸುತ್ತ, “ಸರ್ಕಾರದ ನೀರು, ಸ್ಕೂಲಲ್ಲಿ ಹೆದರ್ಕೊಂಡು ನಿಂತಿರತ್ತೆ. ಮನೇಲಿ ಯಾರ ಹೆದರ್ಕೆ ಅದಕ್ಕೆ?” ಎಂದಳು. ಅಮ್ಮ ನಕ್ಕ ರಭಸಕ್ಕೆ ಮೊರದ ಅಕ್ಕಿ ಅಂಗಳಕ್ಕೆ ಚೆಲ್ಲಿತು. ಹೊಲಿಗೆ, ಚಿತ್ರ, ಲೆಕ್ಕ, ಪದ್ಯ, ನೊಣದ ಕಾಲಿನಲ್ಲಿ ಎಷ್ಟು ಕೊಳೆ ಇರುತ್ತದೆ ಎಂಬ ಆರೋಗ್ಯಶಾಸ್ತ್ರ, ಎಲ್ಲವೂ ಆ ಜಗಲಿಗೆ ಬಂದು ಹೋದವು. ನಮ್ಮ ಮನೆಯ ಹೆಂಗಸರಲ್ಲಿ ಸ್ಕೂಲಿಗೆ ಹೋದವಳು ಒಬ್ಬಳು, ಓದಿದವರು ಎಲ್ಲರೂ.

ಅಕ್ಕ ಮಿಡ್ಲ್ ಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಅಪ್ಪ ಒಂದು ಸಂಜೆ, “ಇದಾದ್ಮೇಲೆ ಸಾಕು” ಎಂದರು. ಹೊನ್ನಾಳಿ ಕಡೆಯಿಂದ ಒಂದು ಸಂಬಂಧದ ಸುದ್ದಿ ಬಂದಿತ್ತು. ಅದೂ ಅಲ್ಲದೆ ನಮ್ಮ ಕಡೆಯ ಹುಡುಗಿಯರಿಗೆ ಹೈಸ್ಕೂಲು ಎಂದರೆ ಶಿವಮೊಗ್ಗ. ರೈಲು ಹತ್ತಬೇಕು, ಅಮ್ಮನ ತಂಗಿಯ ಮನೆಯಲ್ಲಿ ಇರಬೇಕು. ಅಕ್ಕ ಅಳಲಿಲ್ಲ, ಊಟ ಬಿಡಲಿಲ್ಲ. ಆ ವಾರವೇ ಜಗಲಿಯಲ್ಲಿ ಭೂಗೋಳ ಶುರುವಾಯಿತು.

ಭೂಮಿ ಗುಂಡಗಿದೆ ಎಂದು ಅಕ್ಕ ಹೇಳಿದಳು. ಅಜ್ಜಿ ಒಪ್ಪಲಿಲ್ಲ. ಅಕ್ಕ ಒಂದು ಚಕೋತದ ಹಣ್ಣು ತಂದು, ಅದರ ಮೇಲೆ ಇದ್ದಿಲಿನಿಂದ ದೇಶಗಳನ್ನು ಬರೆದು, ಒಂದು ಕಟ್ಟಿರುವೆಯನ್ನು ಮೇಲೆ ಬಿಟ್ಟಳು. ಇರುವೆ ಹೊರಟ ಕಡೆಯಿಂದ ಸುತ್ತಿ ಬಂದು ಹೊರಟಲ್ಲಿಗೇ ಸೇರಬೇಕಿತ್ತು. ಅದು ಹಣ್ಣಿನ ಹೊಟ್ಟೆಯ ಕೆಳಗೆ ಹೋಗಿ, ಒಂದು ಕ್ಷಣ ಯೋಚಿಸಿ, ಪಟ್ಟನೆ ನೆಲಕ್ಕೆ ಬಿತ್ತು. “ನೋಡ್ದ್ಯಾ ಮಾರಾಯ್ತಿ!” ಎಂದು ಅಜ್ಜಿ ತೊಡೆ ತಟ್ಟಿಕೊಂಡಳು. “ಕೆಳಗಡೆ ಹೋದೋರು ಬೀಳ್ತಾರೆ ಅಂತ ನಾನ್ ಹೇಳ್ಲಿಲ್ವಾ?” ಆಮೇಲೆ ಆ ಭೂಗೋಳವನ್ನು ಸುಲಿದು ಎಲ್ಲರೂ ತಿಂದೆವು, ನನ್ನ ಪಾಲಿಗೆ ಬಂದ ತೊಳೆ ಹುಳಿಯಾಗಿತ್ತು. (ಆ ತಿಂಗಳಲ್ಲಿ ಚಕೋತ ಸಿಗುತ್ತದೆಯೇ ಎಂದು ತೋಟದವರನ್ನು ವಿಚಾರಿಸಿದ್ದೇನೆ. ಒಬ್ಬರು ಹೌದೆಂದರು, ಒಬ್ಬರು ಇಲ್ಲವೆಂದರು. ಹುಳಿ ಮಾತ್ರ ಇನ್ನೂ ನಾಲಗೆಯಲ್ಲಿದೆ.)

ಆಗ ಅಕ್ಕ ಹಡಗಿನ ಕಥೆ ತೆಗೆದಳು. ಪಶ್ಚಿಮಕ್ಕೆ ಹೊರಟು ಪೂರ್ವದಿಂದ ಊರಿಗೆ ಬರುತ್ತೇನೆ ಎಂದು ಹಠ ತೊಟ್ಟ ಒಬ್ಬ ಕಪ್ತಾನ. ಅವನ ಜೊತೆ ರಾಜ ಕೊಟ್ಟ ಐದು ಹಡಗು. “ವಾಪಸ್ ಬಂದ್ರಾ?” ಎಂದು ಅಜ್ಜಿ ಮೊದಲ ದಿನವೇ ಕೇಳಿದಳು. “ಸ್ಕೂಲಲ್ಲಿ ಇನ್ನೂ ಅಲ್ಲಿವರೆಗೆ ಆಗಿಲ್ಲ” ಎಂದಳು ಅಕ್ಕ. ಅಂದಿನಿಂದ ಎಲ್ಲ ಸಬ್ಜೆಕ್ಟುಗಳೂ ಒಂದೊಂದಾಗಿ ಆ ಹಡಗು ಹತ್ತಿದವು. ಹೊಲಿಗೆಯಲ್ಲಿ ಕಲಿತ ಟಾಕು ಹಾಕಿ ಅಪ್ಪನ ಹಳೇ ಪಂಚೆಯಿಂದ ಹಾಯಿ ಹೊಲಿದಾಯಿತು. ಚಿತ್ರದ ಪಾಠದಿಂದ ಐದು ಹಡಗುಗಳು ಕಾಂಪೌಂಡು ಗೋಡೆಯ ಮೇಲೆ ತೇಲಿದವು. ವಿಜ್ಞಾನದಿಂದ ಉಪ್ಪುನೀರು ಕುದಿದು ಮುಚ್ಚಳಕ್ಕೆ ಸಿಹಿನೀರಿನ ಹನಿ ಕಟ್ಟಿತು. ಇಷ್ಟು ದಿನಸಿ ಇಷ್ಟು ಜನಕ್ಕೆ ಎಲ್ಲಿವರೆಗೆ ಬಂದೀತು ಎಂದು ಅವರೆಕಾಳು ಹರಡಿ ಲೆಕ್ಕ ಮಾಡಿದ್ದು ಅಮ್ಮ. ಹಡಗಿನವರ ಕೈ ದೊಡ್ಡದಾಯಿತು ಎಂದು ಅವಳ ಆಕ್ಷೇಪಣೆ. ಹಣ್ಣು ಕಾಯಿ ಇಲ್ಲದೆ ನಾವಿಕರ ವಸಡು ಊದಿ ಹಲ್ಲು ಉದುರಿದವು ಎಂದು ಆರೋಗ್ಯಶಾಸ್ತ್ರ ಹೇಳಿದಾಗ ಅಜ್ಜಿಗೆ ಸಿಟ್ಟೇ ಬಂತು. “ಒಂದು ಬುಟ್ಟಿ ನೆಲ್ಲಿಕಾಯಿ ಕಟ್ಟಿಕೊಡೋಕೆ ಆ ರಾಜಂಗೆ ಏನು ರೋಗ ಬಂದಿತ್ತು?”

ಪರೀಕ್ಷೆ ಮುಗಿದು ಸ್ಕೂಲು ಮುಚ್ಚಿದ ಸಂಜೆ ಹಡಗುಗಳು ಗಾಳಿಯೇ ಇಲ್ಲದ ಸಮುದ್ರದಲ್ಲಿ ಇದ್ದವು. ಐದರಲ್ಲಿ ಮೂರು ಉಳಿದಿದ್ದವು. ರೊಟ್ಟಿ ಮುಗಿದು ಹುಳು ಬಿದ್ದ ಪುಡಿ ಉಳಿದಿತ್ತು. ನಾವಿಕರು ಹಡಗಿನ ಮರಕ್ಕೆ ಸುತ್ತಿದ್ದ ಚರ್ಮವನ್ನು ಬಿಚ್ಚಿ ನೆನೆಹಾಕಿ ತಿನ್ನುತ್ತಿದ್ದರು.

“ಚರ್ಮನಾ? ಶಿವ ಶಿವಾ... ಆಮೇಲೆ?”

“ಅಷ್ಟೇ ಅಜ್ಜಿ. ಮುಂದಿಂದು ಹೈಸ್ಕೂಲಲ್ಲಿ.”

ಒಳಗಡೆ ಪೇಪರು ಮಡಚಿದ ಸದ್ದು ಕೇಳಿಸಿತು. ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆ ಜಗಿಯುವುದನ್ನೇ ಬಿಟ್ಟಿದ್ದಳು.

ಮಾರನೆಯ ದಿನ ಅಜ್ಜಿ ನನ್ನ ಕೈ ಹಿಡಿದುಕೊಂಡು ಓಲ್ಡ್ ಟೌನಿನ ನರಸಿಂಹ ದೇವಸ್ಥಾನಕ್ಕೆ ಹೋದಳು. ಹರಕೆ ಯಾರ ಹೆಸರಲ್ಲಿ ಎಂದು ಅರ್ಚಕರು ಕೇಳಿದರು.

“ಹಡಗಿನೋರ ಹೆಸರಲ್ಲಿ.”

ಯುದ್ಧದ ಕಾಲ. ಅರ್ಚಕರ ಮುಖ ಸಣ್ಣದಾಯಿತು. “ನಿಮ್ಮೋರು ಯಾರಾದ್ರೂ ಯುದ್ಧಕ್ಕೆ ಹೋಗಿದ್ದಾರೇನಮ್ಮ?”

“ಇಲ್ಲ ಸ್ವಾಮಿ, ಭೂಮಿ ಸುತ್ತೋಕೆ ಹೋಗಿದ್ದಾರೆ. ಪಾಪ, ಊಟಕ್ಕಿಲ್ಲ.”

ಸುದ್ದಿ ಮನೆಗೆ ನಮಗಿಂತ ಮೊದಲೇ ತಲುಪಿತ್ತು. “ಅಮ್ಮಾ, ಆ ಹಡಗು ಹೊರಟು ನಾನೂರು ವರ್ಷ ಆಯ್ತು!” ಎಂದು ಅಪ್ಪ ತಲೆ ಚಚ್ಚಿಕೊಂಡರು.

“ನಾನೂರು ವರ್ಷ ಆದ್ರೂ ಅದು ಬಂತೋ ಇಲ್ವೋ ನಿಂಗೆ ಗೊತ್ತಿಲ್ಲ. ದೊಡ್ಡ ಓದಿದೋನು!”

“ನಾಳೆ ಕಾರ್ಖಾನೆ ಇಂಜಿನಿಯರನ್ನ ಕೇಳ್ಕೊಂಡು ಬರ್ತೀನಿ, ಆಯ್ತಾ?”

“ಯಾರನ್ನೂ ಕೇಳ್ಬೇಡ ನೀನು. ಅರ್ಧ ಕಥೆ ಒಬ್ಬರ ಬಾಯಲ್ಲಿ, ಅರ್ಧ ಇನ್ನೊಬ್ಬರ ಬಾಯಲ್ಲಿ ಕೇಳೋದು ಯಾವ ನ್ಯಾಯ? ಹುಡುಗಿ ಶುರು ಮಾಡಿದ್ದಾಳೆ, ಅವಳೇ ಮುಗಿಸ್ಲಿ. ಆ ಹಡಗು ದಡ ಸೇರ್ಬೇಕು ಅಂದ್ರೆ ಇವಳು ಶಿವಮೊಗ್ಗಕ್ಕೆ ಹೋಗ್ಲೇಬೇಕು. ಹೊನ್ನಾಳಿಯೋರಿಗೆ ಕಾಯಕ್ಕೆ ಹೇಳು. ಕಾಯಕ್ಕಾಗಲ್ವಾ, ಬೇರೆ ಕಡೆ ನೋಡ್ಕೊಳ್ಲಿ.”

ಅಪ್ಪ ಅಮ್ಮನ ಕಡೆ ತಿರುಗಿ, “ನಿನ್ನ ತಂಗಿಗೆ ಒಂದು ಕಾಗದ ಬರೀತೀನಿ” ಎಂದರು. ಅಮ್ಮ ಮೊರದ ಅಕ್ಕಿಯನ್ನು ಇನ್ನಷ್ಟು ಜೋರಾಗಿ ಕೇರಿದಳು. ಅಕ್ಕ ಎದ್ದು ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಹೋದೆ. ನೀರಿನ ತೊಟ್ಟಿಯ ಹತ್ತಿರ ನಿಂತು, ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು, ಭುಜ ಕುಣಿಯುವ ಹಾಗೆ ಅವಳು ನಗುತ್ತಿದ್ದಳು. ಅಥವಾ ಅಳುತ್ತಿದ್ದಳು. ಹಿಂದಿನಿಂದ ನೋಡಿದರೆ ಎರಡೂ ಒಂದೇ ತೆರ.

ಜೂನಿನಲ್ಲಿ ಅಕ್ಕ ರೈಲು ಹತ್ತಿದಳು. ಶನಿವಾರ ಶನಿವಾರ ಬರುವಳು. ಚಿಕ್ಕಮ್ಮನ ಮನೆ, ತುಂಗಾ ನದಿಯ ಮಳೆನೀರು, ಹೈಸ್ಕೂಲಿನ ರೇಖಾಗಣಿತ, ಎಲ್ಲವನ್ನೂ ಜಗಲಿಗೆ ತಂದು ಸುರಿಯುವಳು. “ಹಡಗು?” ಎಂದರೆ, “ಇನ್ನೂ ಆ ಪಾಠಕ್ಕೆ ಬಂದಿಲ್ಲ ಅಜ್ಜಿ.” ಮಹಾಲಯ ಅಮಾವಾಸ್ಯೆಗೆಂದು ಬಂದಾಗ ಮಾತ್ರ, ಚಪ್ಪಲಿ ಬಿಡುವ ಮೊದಲೇ, “ಬಂತು ಅಜ್ಜಿ!” ಎಂದು ಕೂಗಿದಳು. ಐದರಲ್ಲಿ ಒಂದೇ ಒಂದು ಹಡಗು, ಪೂರ್ವದ ಕಡೆಯಿಂದ, ಹೊರಟ ಊರಿಗೇ ಬಂದಿತ್ತು. ಭೂಮಿ ಗುಂಡಗಿತ್ತು. ಕಪ್ತಾನ ಮಾತ್ರ ಬಂದಿರಲಿಲ್ಲ. ಯಾವುದೋ ದ್ವೀಪದಲ್ಲಿ ತನ್ನದಲ್ಲದ ಜಗಳಕ್ಕೆ ಹೋಗಿ ಸತ್ತಿದ್ದ.

ಅಜ್ಜಿ ಎಲೆಅಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ಹಡಗು ಬಂತು, ಹೊರಟೋನು ಬರ್ಲಿಲ್ಲ” ಎಂದಳು. ಮರುದಿನ, ತೀರಿಕೊಂಡ ಹಿರಿಯರಿಗೆ ಎಡೆ ಇಡುವಾಗ, ತಾತನ ಎಲೆಯ ಪಕ್ಕದಲ್ಲಿ ಇನ್ನೊಂದು ಬಾಳೆಎಲೆ ಹಾಸಿದಳು. ಅದರ ಮೇಲೆ ಕಡುಬು, ಅನ್ನ, ಪಲ್ಯ, ಮತ್ತು ಮೂರು ನೆಲ್ಲಿಕಾಯಿ. “ಅವನು ಇದನ್ನೆಲ್ಲ ತಿಂತಾನಾ ಅಜ್ಜಿ?” ಎಂದು ನಾನು ಕೇಳಿದೆ. “ಚರ್ಮ ತಿಂದೋರ ಯಜಮಾನ ಕಣೋ. ಕಡುಬು ತಿನ್ನಲ್ವಾ?” ಎಂದಳು. ಅಪ್ಪ ಆ ಎಲೆಗೂ ಧೂಪ ತೋರಿಸಿದರು.

ಆ ಮನೆಯ ದೀಪಗಳು ಒಂದೊಂದಾಗಿ ಆರಿದವು. ಅಜ್ಜಿ ಹೋದಳು, ಅಪ್ಪ ಅಮ್ಮ ಹೋದರು. ಅಕ್ಕ ಹೈಸ್ಕೂಲು ಮುಗಿಸಿದಳು, ಟೀಚರ್ ಆದಳು, ಶಿವಮೊಗ್ಗದಲ್ಲಿ ಎಷ್ಟೋ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟಳು, ಅವಳೂ ಹೋದಳು. ಕ್ವಾರ್ಟರ್ಸು ಬೇರೆಯವರ ಕೈಯಲ್ಲಿದೆ. ಕಾಂಪೌಂಡು ಗೋಡೆಗೆ ಅದೆಷ್ಟು ಸಲ ಸುಣ್ಣ ಬಳಿದರೋ, ಹಡಗುಗಳು ಅದರ ಕೆಳಗೆ ಎಲ್ಲೋ ಇರಬೇಕು. ಉಳಿದದ್ದು ನಾನು ಮತ್ತು ನನ್ನ ಅನುಮಾನ. ಅನುಮಾನಕ್ಕೆ ಕಾರಣವಿತ್ತು. ಮುಂದೆ ನಾನೂ ಶಿವಮೊಗ್ಗದಲ್ಲಿ ಹೈಸ್ಕೂಲು ಸೇರಿ, ಭೂಗೋಳದ ಪ್ರತಿ ಪಾಠದಲ್ಲೂ ಆ ಹಡಗಿಗಾಗಿ ಕಾದೆ. ಅದು ಬರಲೇ ಇಲ್ಲ. ಮಳೆ, ಮಣ್ಣು, ಬೆಳೆ ಬಂದವು, ಹಡಗು ಬರಲಿಲ್ಲ. ಹಾಗಾದರೆ ಅಕ್ಕ ಮುಂದಿನ ಕಥೆಯನ್ನು ಎಲ್ಲಿಂದ ತಂದಳು? ಇದೆಲ್ಲ ನನ್ನ ತಲೆಯೇ ನೇಯ್ದ ಕಥೆಯೇ? ಒಮ್ಮೆ ಅಕ್ಕನನ್ನೇ ಕೇಳಿದ್ದೆ. “ನಿಂಗೆ ಯಾವಾಗ್ಲೂ ಅನುಮಾನ ಮಾರಾಯ, ಕಾಫಿ ಆರತ್ತೆ ಕುಡಿ” ಎಂದು ಲೋಟ ಮುಂದೆ ತಳ್ಳಿದ್ದಳು.

ಅವಳು ಹೋದ ಮೇಲೆ ಓಲ್ಡ್ ಟೌನಿನಲ್ಲಿ ಜುಬೇದಾ ಅವರನ್ನು ಹುಡುಕಿಕೊಂಡು ಹೋದೆ. ಮಿಡ್ಲ್ ಸ್ಕೂಲಿನಲ್ಲಿ ಅಕ್ಕನ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ. ಮೆಕ್ಯಾನಿಕ್ ಒಬ್ಬರ ಮಗಳು. ಹೈಸ್ಕೂಲಿಗೆ ಹೋಗಲಿಲ್ಲ, ಬೇಗ ಮದುವೆಯಾಯಿತು. ಈಗ ಮೊಮ್ಮಕ್ಕಳ ನಡುವೆ ಮಂಚದ ಮೇಲೆ ಕೂತಿದ್ದರು. ಭೂಮಿ ಸುತ್ತಿದ ಹಡಗಿನ ಪಾಠ ನೆನಪಿದೆಯೇ ಎಂದು ಕೇಳಿದೆ.

“ಯಾಕಿಲ್ಲ ತಮ್ಮಾ? ಟೀಚರ್ ಒಂದೇ ಪೀರಿಯಡ್ಡಲ್ಲಿ ಪೂರಾ ಹೇಳಿ ಮುಗಿಸಿದ್ರು. ಕಪ್ತಾನ ಸತ್ತ ಅಂದಾಗ ನಾನು ಅತ್ತೆ. ವಾಪಸ್ ಬಂದ ಹಡಗನ್ನ ಬೋರ್ಡ್ ಮೇಲೆ ಬರ್ದಿದ್ದು ನಿಮ್ಮಕ್ಕನೇ ಅಲ್ವಾ!”

ಆಗ ನಾನು ನಮ್ಮ ಜಗಲಿಯ ಕಥೆಯನ್ನೆಲ್ಲ ಹೇಳಿದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. “ಅಲ್ಲಾ, ಎಂಥಾ ಹುಡುಗಿ! ನಾನೂ ಆ ಕಥೆ ನಮ್ಮಮ್ಮಿಗೆ ಹೇಳಿದ್ದೆ. ಅವತ್ತೇ ಸಂಜೆ, ಒಂದೇ ಉಸಿರಿಗೆ, ಕೊನೇವರೆಗೂ. ಅದೇ ನೋಡಿ ನಾನ್ ಮಾಡಿದ ತಪ್ಪು.”

ಉಳಿದದ್ದಕ್ಕೆ ನನ್ನ ಬಳಿ ಆಧಾರವಿಲ್ಲ. ಇದಕ್ಕಿದೆ: ಆ ಹಡಗು ನ್ಯೂ ಟೌನಿನ ಸ್ಕೂಲಿನಲ್ಲಿ, ಹೊರಟ ದಿನವೇ, ಗಂಟೆ ಹೊಡೆಯುವ ಮೊದಲೇ ದಡ ಸೇರಿತ್ತು.